ಹಳೇ ಜೀಪು ಮನೇಲೇ ರೆಡಿ ಮಾಡೋರಿಗೆ, ಮಲ್ನಾಡ್ ಮಳೆ ಲೆಕ್ಕ ಇಟ್ಕೊಂಡು

ಅಮೆರಿಕದವರು ಹಳೇ ವಿ8 ಮಸಲ್ ಕಾರುಗಳನ್ನ ಮನೆ ಗ್ಯಾರೇಜಲ್ಲಿ ಪೂರ್ತಿ ಬಿಚ್ಚಿ ಮತ್ತೆ ಕಟ್ಟೋ ವಿಡಿಯೋ ನೋಡಿ ನೋಡಿ ನಮ್ಮ ಕಡೆ ಹುಡುಗ್ರಿಗೂ ಕೈ ತುರಿಸೋಕೆ ಶುರುವಾಗಿದೆ, ಒಳ್ಳೇದೇ. ನಮ್ಮಲ್ಲಿ ಆ ಜಾಗದಲ್ಲಿ ಇರೋದು ಜೀಪು. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ ಎಲ್ಲಿ ಹೋದ್ರೂ ಯಾವ್ದಾದ್ರೂ ಕೊಟ್ಟಿಗೆ ಪಕ್ಕ ಸಿಲ್ಫಾಲಿನ್ ಹೊದ್ದುಕೊಂಡು ಒಂದು ಜೀಪು ನಿಂತಿರತ್ತೆ, ಅಜ್ಜನ ಕಾಲದ್ದು, ಮಾರೋಕೆ ಮನಸ್ಸಿಲ್ಲ, ಓಡಿಸೋ ಸ್ಥಿತಿಲಿಲ್ಲ. ಅದನ್ನ ರೆಡಿ ಮಾಡೋಕೆ ಆಗತ್ತೆ, ಮನೇಲೇ ಆಗತ್ತೆ. ಆದ್ರೆ ಆ ವಿಡಿಯೋಗಳಲ್ಲಿ ತೋರ್ಸೋ ಆರ್ಡರಲ್ಲೇ ಮಾಡೋಕೆ ಹೋಗ್ಬೇಡಿ. ಅವು ಬಹಳಷ್ಟು ಒಣ ಹವೆ ಇರೋ ಊರಲ್ಲಿ ಮಾಡಿದ್ದು. ನಮ್ಮ ಆಗುಂಬೆ ಸುತ್ತ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ ಬೀಳೋ ಜಾಗ, ಇಲ್ಲಿ ಯಾವ ಕೆಲಸ ಯಾವ ತಿಂಗಳು ಮಾಡ್ತೀರಿ ಅನ್ನೋದ್ರ ಮೇಲೇ ಆ ಗಾಡಿ ಐದು ವರ್ಷ ಬಾಳತ್ತಾ ಇಪ್ಪತ್ತೈದು ವರ್ಷ ಬಾಳತ್ತಾ ಅನ್ನೋದು ನಿಂತಿದೆ.

ಹಾಗಾಗಿ ಮೊದ್ಲು ಕ್ಯಾಲೆಂಡರ್ ಹೇಳ್ಬಿಡ್ತೀನಿ. ಕಾಗದಪತ್ರ ನೋಡೋದು, ಬಿಚ್ಚೋದು, ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಪಾರ್ಟ್ಸ್ ಎಲ್ಲ ಮಳೆಗಾಲದಲ್ಲಿ ಸೂರಿನ ಕೆಳಗೆ ಮಾಡಿ, ಹೆಂಗೂ ಆಗ ಹೊರಗಿನ ಕೆಲಸ ಕಮ್ಮಿ. ವೆಲ್ಡಿಂಗು, ಟಿಂಕರಿಂಗು ದೀಪಾವಳಿ ಮೇಲೆ. ಪೇಂಟ್ ಮಾತ್ರ ಸಂಕ್ರಾಂತಿ ಆಸುಪಾಸು, ಜನವರಿ ಫೆಬ್ರವರಿ, ಅದಕ್ಕಿಂತ ಮುಂಚೆ ಬೇಡ. ನವೆಂಬರಿಂದ ಅಡಿಕೆ ಕೊಯ್ಲು, ಸುಲಿತ, ಬೇಯಿಸೋದು ಅಂತ ಮನೆಯಲ್ಲಿ ಒಬ್ರಿಗೂ ಪುರುಸೊತ್ತಿರಲ್ಲ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಮಾರ್ಚಲ್ಲಿ ಜೋಡಣೆ, ಏಪ್ರಿಲ್ ಮೇ ಓಡಿಸಿ ನೋಡಿ ಸಣ್ಣಪುಟ್ಟದು ಸರಿ ಮಾಡ್ಕೊಳ್ಳೋದು. ಜೂನ್ ಬರೋದ್ರೊಳಗೆ ಅಡಿಭಾಗದ ಕೆಲಸ ಮುಗೀಲಿಲ್ಲ ಅಂದ್ರೆ ಬರೀ ಪ್ರೈಮರ್ ಹೊಡ್ದ ಗಾಡಿನ ಮಳೇಲಿ ಇಡ್ಬೇಡಿ, ಒಳಗೇ ಇಟ್ಟು ಮುಂದಿನ ಬೇಸಿಗೆಗೆ ಕಾಯಿರಿ. ಅವಸರ ಮಾಡಿದ್ರೆ ಮಾಡಿದ್ದೆಲ್ಲ ಹೋಗತ್ತೆ.

ಯಾವ ಜೀಪು, ಅದರ ಕಾಗದ ಏನು

ನಮ್ಮ ಕಡೆ ಸಿಗೋದ್ರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಬಾನೆಟ್ ಎತ್ತರ ಇರೋ ಸಿಜೆ 3ಬಿ, ಅಮೆರಿಕದ ವಿಲ್ಲಿಸ್ ಕಂಪನಿ ಡಿಸೈನು, ಒಳಗೆ 2,199 ಸಿಸಿಯ ಹರಿಕೇನ್ ಪೆಟ್ರೋಲ್ ಎಂಜಿನ್. ಇನ್‌ಟೇಕ್ ವಾಲ್ವ್ ಹೆಡ್ಡಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಲ್ಲಿ ಇರೋ ವಿಚಿತ್ರ ಜೋಡಣೆ ಅದು, ಹಂಗಾಗಿ ಎಂಜಿನ್ ಎತ್ತರ ಜಾಸ್ತಿ ಆಗಿ ಬಾನೆಟ್ಟೂ ಎತ್ತರ ಮಾಡ್ಬೇಕಾಯ್ತು. ಅಮೆರಿಕದಲ್ಲಿ ಅದು 1968ಕ್ಕೆ ನಿಂತ್ರೂ ಮಹೀಂದ್ರಾದವರು ಇಲ್ಲಿ ಅದೇ ಆಕಾರದ ಬಾಡಿನ ದಶಕಗಟ್ಲೆ ಮಾಡ್ತಾ ಬಂದ್ರು, ಪಾರ್ಟ್ಸ್ ಇವತ್ತಿಗೂ ಸಿಗೋದಕ್ಕೆ ಅದೇ ಕಾರಣ. ಇನ್ನೊಂದು ಮಹೀಂದ್ರಾದ್ದೇ ಎಂಎಂ 540, ಫ್ರಾನ್ಸಿನ ಪೆಜೋ ಕಂಪನಿಯವರ 2,112 ಸಿಸಿ ಎಕ್ಸ್‌ಡಿಪಿ ಡೀಸೆಲ್, 62 ಎಚ್‌ಪಿ. ಸಿಜೆ 3ಬಿ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರದ ನಡುವಿನ ದೂರ) 80 ಇಂಚು, 540ದು 91 ಇಂಚು. ಮೊದಲ ಸಲ ಕೈ ಹಾಕೋರಿಗೆ ನಾನು 540 ಹೇಳ್ತೀನಿ, ಪಾರ್ಟ್ಸೂ ಸುಲಭ, ಗೊತ್ತಿರೋ ಮೆಕ್ಯಾನಿಕ್ಕೂ ಜಾಸ್ತಿ. ಮನೇಲೇ 3ಬಿ ಇದ್ರೆ ಬೇರೆ ಮಾತು, ಅದನ್ನ ಯಾವ ಕಾರಣಕ್ಕೂ ಬಿಡ್ಬೇಡಿ.

ಸ್ಪ್ಯಾನರ್ ಮುಟ್ಟೋಕೆ ಮುಂಚೆ ಆರ್‌ಸಿ ತೆಗೀರಿ. ಚಾಸಿ ಮೇಲೆ ಪಂಚ್ ಮಾಡಿರೋ ನಂಬರು, ಎಂಜಿನ್ ನಂಬರು ಎರಡನ್ನೂ ವೈರ್ ಬ್ರಷ್ಷಲ್ಲಿ ಮೆಲ್ಲಗೆ ಉಜ್ಜಿ ಕ್ಲೀನ್ ಮಾಡಿ ಆರ್‌ಸಿ ಜೊತೆ ತಾಳೆ ನೋಡಿ, ಫೋಟೋ ತೆಗೆದಿಟ್ಕೊಳ್ಳಿ. ನಮ್ಮ ಕಡೆ ಎಷ್ಟೋ ಪೆಟ್ರೋಲ್ ಜೀಪಿಗೆ ಆ ಕಾಲದಲ್ಲೇ ಡೀಸೆಲ್ ಎಂಜಿನ್ ಕೂರ್ಸಿದ್ದಾರೆ, ಅದು ಆರ್‌ಸಿಲಿ ಎಂಟ್ರಿ ಆಗಿದ್ಯಾ ಇಲ್ವಾ ನೋಡ್ಲೇಬೇಕು. ಎಂಟ್ರಿ ಆಗಿಲ್ಲ ಅಂದ್ರೆ ರೆನ್ಯೂವಲ್‌ಗೆ ಗಾಡಿ ತೋರ್ಸೋ ದಿನ ಅಲ್ಲೇ ಸಿಕ್ಕಾಕೊಳ್ತೀರಿ. 15 ವರ್ಷ ಆದ್ಮೇಲೆ ಸ್ವಂತ ಗಾಡಿಗೆ ಐದೈದು ವರ್ಷಕ್ಕೆ ರೆನ್ಯೂವಲ್, ಫಾರಂ 25. ಬೇರೆಯವರ ಹತ್ರ ತಗೊಂಡಿದ್ದಾದ್ರೆ ಹೆಸರು ಬದಲಾಯಿಸೋಕೆ ಫಾರಂ 29 ಮತ್ತೆ 30. ಅಜ್ಜನ ಹೆಸರಲ್ಲೇ ಇದ್ದು ಅವರು ತೀರಿಕೊಂಡಿದ್ರೆ ಮೊದ್ಲು ವಾರಸುದಾರರ ಹೆಸರಿಗೆ ಮಾಡ್ಸಿ, ಗಾಡಿ ರೆಡಿ ಆದ್ಮೇಲೆ ನೋಡೋಣ ಅಂತ ಬಿಟ್ರೆ ಆಮೇಲೆ ಅಣ್ಣತಮ್ಮಂದಿರೆಲ್ಲರ ಸಹಿಗೆ ಓಡಾಡೋದೇ ಒಂದು ಕೆಲಸ ಆಗತ್ತೆ.

50 ವರ್ಷ ದಾಟಿದ ಗಾಡಿಗೆ 2021ರಲ್ಲಿ ಕೇಂದ್ರದವರು ವಿಂಟೇಜ್ ನೋಂದಣಿ ತಂದ್ರು, ನಂಬರಲ್ಲಿ ವಿಎ ಅಂತ ಬರತ್ತೆ, ಹೊಸದಾಗಿ ಮಾಡ್ಸೋಕೆ 20,000 ರೂಪಾಯಿ ಫೀಸ್. ಕೇಳೋಕೆ ಚಂದ, ಆದ್ರೆ ಗಾಡಿ ಒರಿಜಿನಲ್ ರೂಪದಲ್ಲೇ ಇರ್ಬೇಕು, ದಿನನಿತ್ಯದ ಓಡಾಟಕ್ಕೆ ಬಳಸೋಹಾಗಿಲ್ಲ. ಅಡಿಕೆ ಚೀಲ ಹಾಕ್ಕೊಂಡು ಮಂಡಿಗೆ ಹೋಗೋ ಜೀಪಿಗೆ ಅದು ಸರಿಹೋಗಲ್ಲ, ಮಾಮೂಲಿ ರೆನ್ಯೂವಲ್ಲೇ ಸಾಕು.

ಇನ್ನೊಂದು ವಿಷಯ, ಹರಿಯಾಣದ ಮಂಡಿ ಡಬ್ವಾಲಿ ಊರಿನ ಕಡೆಯಿಂದ ಹೊಸದರ ಥರ ಹೊಳೆಯೋ ಮಾಡಿಫೈಡ್ ಜೀಪು ಲಾರಿ ಮೇಲೆ ಬರ್ತಾವೆ. ಟಿಂಕರಿಂಗ್ ಕೈ ಅವರದ್ದು ಚೆನ್ನಾಗಿರತ್ತೆ, ಬಾಡಿ ಶೆಲ್ ಮಾತ್ರ ತರ್ಸೋದಾದ್ರೆ ತೊಂದ್ರೆ ಇಲ್ಲ. ಪೂರ್ತಿ ಗಾಡಿ ತರ್ಸೋದಾದ್ರೆ ಆರ್‌ಸಿಲಿ ಇರೋ ಗಾಡಿಗೂ ನಿಂತಿರೋ ಗಾಡಿಗೂ ಏನಾದ್ರೂ ಸಂಬಂಧ ಇದ್ಯಾ ಅಂತ ನಂಬರು ನಂಬರು ನೋಡಿ. ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ಆಗೋ ಹಂಗೆ ಗಾಡಿ ಬದಲಾಯಿಸೋಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಜನವರಿ 2019ರಲ್ಲೇ ಹೇಳಿದೆ. ಎಂಜಿನ್ ಬದಲಾಯಿಸೋ ಆಸೆ ಇದ್ರೆ ಮೊದ್ಲು ಆರ್‌ಟಿಓ ಅನುಮತಿ, ಆಮೇಲೆ ಎಂಜಿನ್.

ಜಾಗ ಮತ್ತೆ ಬಿಚ್ಚೋದು

ಶೀಟ್ ಹೊದ್ಸಿರೋ ಸೂರು, ಗಟ್ಟಿ ನೆಲ, ಒಳ್ಳೇ ಲೈಟು, ಇಷ್ಟಿದ್ರೆ ಸಾಕು. ಆದ್ರೆ ಒಂದು ವಿಷಯದಲ್ಲಿ ರಾಜಿ ಇಲ್ಲ: ಬರೀ ಜಾಕಿನ ಮೇಲೆ ನಿಂತ ಗಾಡಿ ಕೆಳಗೆ ಯಾವತ್ತೂ ಹೋಗ್ಬೇಡಿ. ಆಕ್ಸಲ್ ಸ್ಟ್ಯಾಂಡ್ ನಾಲ್ಕು ತಗೊಳ್ಳಿ. ನಮ್ಮ ಕಡೆ ಕೈಗೆ ಸಿಕ್ಕಿದ್ದು ಅಂತ ಜಂಬಿಟ್ಟಿಗೆ ಕಲ್ಲು ಇಲ್ಲಾ ಸಿಮೆಂಟ್ ಬ್ಲಾಕ್ ಕೊಡೋ ಅಭ್ಯಾಸ ಇದೆ, ಜಂಬಿಟ್ಟಿಗೆ ನೀರು ಕುಡಿದಿದ್ರೆ ಒಂದೇ ಕಡೆ ಭಾರ ಬಿದ್ದಾಗ ಪುಡಿ ಆಗತ್ತೆ, ಮುನ್ಸೂಚನೆ ಕೊಡಲ್ಲ. ಮಣ್ಣು ನೆಲ ಆದ್ರೆ ಸ್ಟ್ಯಾಂಡ್ ಕೆಳಗೆ ದಪ್ಪ ಹಲಗೆ ಹಾಕಿ.

ಬ್ಯಾಟರಿ ಮೊದ್ಲು ತೆಗೀರಿ, ಆಮೇಲೆ ಟ್ಯಾಂಕ್ ಖಾಲಿ ಮಾಡಿ ಹೊರಗಿಡಿ. ಪ್ರತಿ ಜಾಯಿಂಟ್ ಬಿಚ್ಚೋ ಮುಂಚೆ ಫೋಟೋ, ಬಿಚ್ಚಿದ ನಟ್ಟು ಬೋಲ್ಟು ಕವರಿಗೆ ಹಾಕಿ ಮೇಲೆ ಎಲ್ಲಿಯದು ಅಂತ ಬರೀರಿ, ಪೆನ್ಸಿಲಲ್ಲಿ ಬರೀರಿ, ಇಂಕು ಥಂಡಿಗೆ ಅಳಿಸಿ ಹೋಗತ್ತೆ. ಜಾಮ್ ಆಗಿರೋ ಬೋಲ್ಟಿಗೆ ತುಕ್ಕು ಬಿಡ್ಸೋ ಆಯಿಲ್ ಹಿಂದಿನ ದಿನವೇ ಹಾಕಿ ಬಿಡಿ, ಮಾರನೇ ದಿನ ಮೊದ್ಲು ಸ್ವಲ್ಪ ಟೈಟ್ ಮಾಡೋ ಕಡೆ ತಿರುಗ್ಸಿ ಆಮೇಲೆ ಲೂಸ್ ಮಾಡಿ, ಹಂಗೇ ಹಿಂದೆ ಮುಂದೆ. ಪೈಪ್ ಸಿಗಿಸಿ ಜೋಲಿ ಬೀಳೋದು ಕೊನೇ ದಾರಿ. ಹಾಂ, ಹಳೇ ಜೀಪುಗಳಲ್ಲಿ ಎಡಗಡೆ ವೀಲ್ ನಟ್ಟು ಉಲ್ಟಾ ಥ್ರೆಡ್ ಇರತ್ತೆ, ಬರ್ತಿಲ್ಲ ಅಂತ ಸ್ಟಡ್ ಮುರೀಬೇಡಿ.

ಜೀಪಿನ ದೊಡ್ಡ ಗುಣ ಅಂದ್ರೆ ಬಾಡಿ ಬೇರೆ, ಚಾಸಿ ಬೇರೆ. ಮಡ್‌ಗಾರ್ಡ್, ಬಾನೆಟ್, ವಿಂಡ್‌ಶೀಲ್ಡ್ ಫ್ರೇಮ್, ಸೀಟು, ಸ್ಟೇರಿಂಗ್ ತೆಗೆದು ಬಾಡಿ ಬೋಲ್ಟ್ ಬಿಚ್ಚಿದ್ರೆ ನಾಲ್ಕೈದು ಜನ ಸೇರಿ ಬಾಡಿ ತೊಟ್ಟಿನ ಎತ್ತಿ ಪಕ್ಕಕ್ಕಿಡಬಹುದು. ಎತ್ತಲೇಬೇಕು. ಬಾಡಿ ಮೇಲಿದ್ದಂಗೇ ಕೆಳಗಿಂದ ಬಣ್ಣ ಬಳಿದು ರೆಸ್ಟೋರ್ ಆಯ್ತು ಅನ್ನೋರಿದ್ದಾರೆ, ಆದ್ರೆ ನಮ್ಮ ಜೀಪುಗಳ ರೋಗ ಎಲ್ಲ ಇರೋದು ಬಾಡಿಗೂ ಚಾಸಿಗೂ ಮಧ್ಯ ಕೂತ ಮಣ್ಣಲ್ಲೇ.

ತುಕ್ಕು

ಈ ಭಾಗಕ್ಕೆ ಸಮಯ ಕೊಡಿ, ಬೇರೆ ಎಲ್ಲದಕ್ಕಿಂತ ಜಾಸ್ತಿ ಕೊಡಿ. ಎಂಜಿನ್ ಹೋದ್ರೆ ಇನ್ನೊಂದು ಸಿಗತ್ತೆ, ಕಾಗದದಲ್ಲಿರೋ ಚಾಸಿ ಹೋದ್ರೆ ಗಾಡಿನೇ ಹೋದಂಗೆ.

ನಮ್ಮ ಜೀಪು ಬರೀ ಮಳೆಗೆ ತುಕ್ಕು ಹಿಡಿಯಲ್ಲ ಮಾರಾಯ್ರೆ, ಅದರಲ್ಲಿ ಏನೇನು ಹೊತ್ತಿದ್ದೀವಿ ಅನ್ನೋದು ಮುಖ್ಯ. ಯೂರಿಯಾ, ಪೊಟ್ಯಾಷ್, ಹಸಿ ಗೊಬ್ಬರ, ಎಲ್ಲ ಥಂಡಿ ಎಳ್ಕೊಂಡು ಕಬ್ಬಿಣದ ಮೇಲೇ ಕೂರ್ತಾವೆ. ಎಲ್ಲಕ್ಕಿಂತ ಕೆಟ್ಟದ್ದು ಅಡಿಕೆ ಕೊಳೆರೋಗಕ್ಕೆ ಹೊಡಿಯೋ ಬೋರ್ಡೋ ದ್ರಾವಣ, ಅದರಲ್ಲೂ ಸುಣ್ಣ ಸೇರ್ಸೋಕೆ ಮುಂಚಿನ ಮೈಲುತುತ್ತದ ನೀರು. ದ್ರಾವಣ ಸರಿಯಾಗಿದ್ಯಾ ನೋಡೋಕೆ ಕತ್ತಿ ತುದಿ ಅದ್ದಿ ನೋಡ್ತೀವಲ್ಲ, ಕತ್ತಿ ಮೇಲೆ ಕೆಂಪಗೆ ತಾಮ್ರ ಹಿಡಿದ್ರೆ ಸುಣ್ಣ ಕಮ್ಮಿ ಆಗಿದೆ ಅಂತ. ಅಲ್ಲಿ ಆಗೋದೇನು, ಕಬ್ಬಿಣ ಕರಗಿ ನೀರಿಗೆ ಹೋಗತ್ತೆ, ಅದರ ಜಾಗಕ್ಕೆ ತಾಮ್ರ ಬಂದು ಕೂರತ್ತೆ. ಜೀಪಿನ ಫ್ಲೋರಲ್ಲಿ ಡ್ರಮ್ ತುಳುಕಿದಾಗ ಆಗೋದೂ ಅದೇ, ಆಮೇಲೆ ಆ ತಾಮ್ರ ಅಲ್ಲೇ ಕೂತು ಥಂಡಿ ಸಿಕ್ಕಾಗೆಲ್ಲ ಸುತ್ತಲಿನ ಕಬ್ಬಿಣನ ಇನ್ನೂ ಬೇಗ ತಿನ್ನತ್ತೆ. ಹಿಂದಿನ ಫ್ಲೋರ್ ಮತ್ತೆ ಅದರ ಕೆಳಗಿನ ಚಾನಲ್ ಮೊದ್ಲು ಹೋಗಿರೋ ಜೀಪು ನೋಡಿದ್ರೆ ತೋಟಕ್ಕೆ ಔಷಧಿ ಹೊತ್ತ ಗಾಡಿ ಅಂತ ಅನುಮಾನ ಪಡಿ. ಅಂಥ ಜಾಗನ ಬರೀ ನೀರಲ್ಲಲ್ಲ, ಹೊಳೆಯೋ ಲೋಹ ಕಾಣೋವರೆಗೂ ಗ್ರೈಂಡ್ ಮಾಡ್ಬೇಕು.

ನೋಡ್ಬೇಕಾದ ಬೇರೆ ಜಾಗಗಳು: ಡ್ರೈವರ್ ಕಾಲ ಕೆಳಗೆ, ಬ್ಯಾಟರಿ ಟ್ರೇ ಕೆಳಗೆ ಆ್ಯಸಿಡ್ ಸುರಿದ ಕಡೆ, ಬಾಡಿ ಮೌಂಟಿನ ರಬ್ಬರ್ ಕೂರೋ ಜಾಗ, ಪ್ಲೇಟ್ ಸೆಟ್ಟಿನ (ಲೀಫ್ ಸ್ಪ್ರಿಂಗ್) ಹ್ಯಾಂಗರ್, ಚಾಸಿಯ ಹಿಂದಿನ ಅಡ್ಡಪಟ್ಟಿ, ಚಾಸಿ ಬಾಕ್ಸ್ ಆಗಿರೋ ಕಡೆ ಒಳಭಾಗ. ಸಣ್ಣ ಸುತ್ತಿಗೆಯಲ್ಲಿ ತಟ್ತಾ ಹೋಗಿ, ಗಟ್ಟಿ ಕಬ್ಬಿಣ ಠಣ್ ಅನ್ನತ್ತೆ, ತಿಂದಿರೋದು ಮಂದ ಸದ್ದು. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಬಾಡಿ ಮೇಲೆ ಅಯಸ್ಕಾಂತ ಇಟ್ಟು ನೋಡಿ, ಹಿಡೀಲಿಲ್ಲ ಅಂದ್ರೆ ಅಲ್ಲಿ ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ಚಾಸಿ ನಂಬರ್ ಇರೋ ಜಾಗಕ್ಕೆ ಮೊದ್ಲೇ ಟೇಪ್ ಹಚ್ಚಿ ಮುಚ್ಚಿಡಿ, ಗ್ರೈಂಡರ್ ಡಿಸ್ಕ್ ಒಂದು ಸಲ ಅಲ್ಲಿ ಹೋದ್ರೆ ಎಷ್ಟು ದುಡ್ಡು ಕೊಟ್ರೂ ಸರಿ ಆಗಲ್ಲ.

ತೂತು ಬಿದ್ದ ಕಡೆ ಮೇಲೊಂದು ತಗಡು ಇಟ್ಟು ವೆಲ್ಡ್ ಮಾಡೋದು ನಮ್ಮ ಕಡೆ ಮಾಮೂಲು. ಎರಡು ತಗಡಿನ ಮಧ್ಯ ನೀರು ಇಳಿದು ಕೆಲವೇ ಮಳೆಗಾಲದಲ್ಲಿ ಎರಡೂ ಹೋಗ್ತಾವೆ. ಗಟ್ಟಿ ಲೋಹ ಸಿಗೋವರೆಗೂ ಕತ್ತರಿಸಿ, ಅಷ್ಟೇ ಅಳತೆಯ ತುಂಡು ಅಂಚಿಗೆ ಅಂಚು ಕೂರ್ಸಿ ವೆಲ್ಡ್ ಮಾಡ್ಸಿ. ಫ್ಲೋರಿಗೆ 18 ಗೇಜ್ ಸಿಆರ್ ಶೀಟ್, ಅಂದ್ರೆ ಸುಮಾರು 1.2 ಎಂಎಂ. ಮನೇಲಿ ಉಳಿದ ಜಿಂಕ್ ಶೀಟ್ ಬಳಸ್ಬೇಡಿ, ಸತು ಸುಟ್ಟ ಹೊಗೆ ಕುಡಿದ್ರೆ ರಾತ್ರಿ ಚಳಿಜ್ವರ ಗ್ಯಾರಂಟಿ. ತೆಳು ತಗಡಿಗೆ ಆರ್ಕ್ ವೆಲ್ಡಿಂಗ್ ಕೊಟ್ರೆ ಸುಟ್ಟು ತೂತು ಬೀಳತ್ತೆ, ಮಿಗ್ (ಗ್ಯಾಸ್ ಜೊತೆ ತಂತಿ ಬಿಡೋ ವೆಲ್ಡಿಂಗ್) ಇರೋರ ಹತ್ರ ಮಾಡ್ಸಿ, ಶಿವಮೊಗ್ಗದಲ್ಲಿ ಸಾಗರ ರಸ್ತೆ ಆಟೋ ಕಾಂಪ್ಲೆಕ್ಸ್ ಕಡೆ ವಿಚಾರಿಸಿದ್ರೆ ಆಯ್ತು. ಒಂದೇ ಕಡೆ ಉದ್ದಕ್ಕೆ ಎಳೀದೆ, ಒಂದೊಂದು ಚುಕ್ಕಿ ಇಟ್ಟು ಆರೋಕೆ ಬಿಟ್ಟು ಬೇರೆ ಕಡೆ ಹೋಗ್ಬೇಕು, ಇಲ್ಲಾಂದ್ರೆ ಶೀಟ್ ಸೊಟ್ಟ ಆಗತ್ತೆ. ಚಾಸಿ ವೆಲ್ಡಿಂಗ್ ಮನೇಲಿ ಕಲಿಯೋ ಕೆಲಸ ಅಲ್ಲ. ಚಾಸಿ ಕೆಲಸವನ್ನೇ ಮಾಡೋ ಕೈಗೆ ಕೊಡಿ, ಬಲಕ್ಕೆ ಹಾಕೋ ಪಟ್ಟಿಯ ತುದಿ ಓರೆಯಾಗಿ ಕತ್ತರಿಸೋಕೆ ಹೇಳಿ, ಚಾಸಿಯ ಅಂಚಿಗೆ ಅಡ್ಡಕ್ಕೆ ನೇರ ವೆಲ್ಡ್ ಹಾಕಿದ್ರೆ ಮುಂದೆ ಅಲ್ಲೇ ಬಿರುಕು ಬಿಡತ್ತೆ.

ಪ್ರೈಮರ್ ವಿಷಯಕ್ಕೆ ಬಂದ್ರೆ, ಬರೀ ರೆಡ್ ಆಕ್ಸೈಡ್ ಹೊಡ್ದು ತಿಂಗಳುಗಟ್ಲೆ ಬಿಡೋದು ಮಲ್ನಾಡಲ್ಲಿ ತಪ್ಪು. ಅದು ನೀರಿನ ಅಂಶ ಒಳಗೆ ಬಿಡತ್ತೆ, ಮೇಲೆ ಕೆಂಪು ಬಣ್ಣ ಇರೋದ್ರಿಂದ ಕೆಳಗಿನ ತುಕ್ಕು ಕಾಣೋದೂ ಇಲ್ಲ. ಎರಡು ಡಬ್ಬಿ ಕಲಸಿ ಹಚ್ಚೋ ಎಪಾಕ್ಸಿ ಪ್ರೈಮರ್ ತಗೊಳ್ಳಿ, ಲೋಹ ಕ್ಲೀನ್ ಮಾಡಿದ ದಿನವೇ ಹಚ್ಚಿ, ರಾತ್ರಿ ಬಿಟ್ರೆ ಬೆಳಿಗ್ಗೆ ಇಬ್ಬನಿಗೆ ಆಗಲೇ ಕಂದು ಪೊರೆ ಬಂದಿರತ್ತೆ. ಪುಟ್ಟಿ ಬೇಕಾದ್ರೆ ಎಪಾಕ್ಸಿ ಮೇಲೆ ತೆಳ್ಳಗೆ, ಬರೀ ಕಬ್ಬಿಣದ ಮೇಲಲ್ಲ, ಪುಟ್ಟಿ ನೀರು ಹೀರತ್ತೆ.

ಪೇಂಟ್ ಹೊಡಿಯೋದು ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರ ಒಳಗೆ. ತಗಡಿನ ಬಿಸಿ ಇಬ್ಬನಿ ಕೂರೋ ಉಷ್ಣಾಂಶಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರ್ಬೇಕು ಅಂತ ಪೇಂಟ್ ಕೆಲಸದ ನಿಯಮ, ಮಂಜು ಕರಗಿ ತಗಡು ಮುಟ್ಟಿದ್ರೆ ಬೆಚ್ಚಗೆ ಅನ್ನಿಸೋವರೆಗೂ ಗನ್ ಮುಟ್ಬೇಡಿ. ಥಂಡಿಲಿ ಹೊಡ್ದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಬೆಳ್ಳಗೆ ಮಂಜಾಗಿ ನಿಲ್ಲತ್ತೆ. ಹಾರ್ಡ್‌ನರ್ ಹಾಕೋ ಪಿಯು (ಪಾಲಿಯುರೆಥೇನ್) ಪೇಂಟ್ ಮನೇಲಿ ಸ್ಪ್ರೇ ಮಾಡ್ಬೇಡಿ, ಅದರಲ್ಲಿರೋ ಐಸೋಸಯನೇಟ್ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ಬಟ್ಟೆ ಮಾಸ್ಕ್ ಅದನ್ನ ತಡಿಯಲ್ಲ. ಚಾಸಿ ಮತ್ತೆ ಅಡಿಭಾಗ ಮನೇಲಿ ಬ್ರಷ್ಷಲ್ಲಿ ಎನಾಮಲ್, ಹೊರಗಿನ ಬಾಡಿ ಬೂತ್ ಇರೋ ಕಡೆ, ಇದು ನನ್ನ ಸಲಹೆ. ಕೊನೆಗೆ ಚಾಸಿ ಒಳಗೆ, ಚಾನಲ್ ಒಳಗೆ ಉದ್ದ ಟ್ಯೂಬ್ ಹಾಕಿ ಕ್ಯಾವಿಟಿ ವ್ಯಾಕ್ಸ್ (ಪೊಳ್ಳು ಜಾಗಕ್ಕೆ ತುಕ್ಕು ತಡಿಯೋ ಮೇಣ) ಹೊಡೀರಿ, ನೀರು ಇಳಿಯೋ ತೂತು ಒಂದೂ ಮುಚ್ಚಿರಬಾರದು. ಅಡಿಗೆ ಸುಟ್ಟ ಆಯಿಲ್ ಹೊಡಿಯೋ ಹಳೇ ಪದ್ಧತಿ ನನಗೆ ಇಷ್ಟ ಇಲ್ಲ, ತುಕ್ಕು ತಡೆಯೋದೇನೋ ಹೌದು, ಆದ್ರೆ ಬುಷ್ಷು, ಬ್ರೇಕ್ ಹೋಸಿನ ರಬ್ಬರ್ ಊದಿಕೊಳ್ಳತ್ತೆ, ಮಳೆಗೆ ತೊಳೆದು ಅಂಗಳದಿಂದ ಬಾವಿ ಕಡೆ ಹೋಗತ್ತೆ.

ಬ್ರೇಕು ಎಂಜಿನ್‌ಗಿಂತ ಮೊದ್ಲು

ಎಲ್ಲರೂ ಮೊದ್ಲು ಎಂಜಿನ್ ಸ್ಟಾರ್ಟ್ ಮಾಡಿ ಸದ್ದು ಕೇಳ್ಬೇಕು ಅಂತಾರೆ, ಆಸೆ ಅರ್ಥ ಆಗತ್ತೆ. ಆದ್ರೆ ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು ಇಳೀಬೇಕಾದ ಗಾಡಿಗೆ ನಿಲ್ಲೋದು ಮೊದ್ಲು ಬರ್ಬೇಕು. ಹಳೇ ಜೀಪಿನಲ್ಲಿ ನಾಲ್ಕೂ ಡ್ರಮ್, ಮಾಸ್ಟರ್ ಸಿಲಿಂಡರ್ ಒಂದೇ ಲೈನಿಂದು. ಯಾವ್ದೋ ಒಂದು ವೀಲಿನ ಹೋಸ್ ಒಡೆದ್ರೂ ನಾಲ್ಕೂ ವೀಲಿನ ಬ್ರೇಕ್ ಒಟ್ಟಿಗೇ ಹೋಗತ್ತೆ, ಪೆಡಲ್ ನೆಲಕ್ಕೆ ತಾಗತ್ತೆ.

ಡ್ರಮ್ ತೆಗೆದಾಗ ಒಳಗಿನ ಧೂಳನ್ನ ಕಂಪ್ರೆಸರ್ ಗಾಳಿಲಿ ಊದ್ಬೇಡಿ, ಹಳೇ ಲೈನರಲ್ಲಿ ಆಸ್ಬೆಸ್ಟಾಸ್ ಇರತ್ತೆ, ಸೋಪ್ ನೀರಲ್ಲಿ ನೆನೆಸಿ ಒರೆಸಿ. ವೀಲ್ ಸಿಲಿಂಡರ್ ಒಳಗೆ ತುಕ್ಕಿನ ಗುಳಿ ಇದ್ರೆ ಬರೀ ರಬ್ಬರ್ ಕಿಟ್ ಹಾಕಿ ಮುಗಿಸ್ಬೇಡಿ, ಸಿಲಿಂಡರೇ ಹೊಸದು ಹಾಕಿ, ದುಬಾರಿ ಏನಲ್ಲ. ಹೋಸ್ ಎಲ್ಲ ಹೊಸದು. ಪೈಪ್ ತುಕ್ಕು ಹಿಡಿದಿದ್ರೆ ಸ್ಟೀಲ್ ಇಲ್ಲಾ ಕಾಪರ್ ನಿಕಲ್ ಪೈಪು, ಫ್ರಿಜ್ಜಿನವರ ಹತ್ರ ಸಿಗೋ ಬರೀ ತಾಮ್ರದ ಪೈಪು ಬೇಡವೇ ಬೇಡ, ಅಲುಗಾಟಕ್ಕೆ ಬಿರುಕು ಬಿಡತ್ತೆ. ಬ್ರೇಕ್ ಫ್ಲೂಯಿಡ್ ಗಾಳಿಯಿಂದ ತೇವ ಎಳೆಯತ್ತೆ, ಎಳೆದಷ್ಟೂ ಅದು ಕುದಿಯೋ ಬಿಸಿ ಕಮ್ಮಿ ಆಗತ್ತೆ, ಉದ್ದ ಇಳಿಜಾರಲ್ಲಿ ಬ್ರೇಕ್ ಕಾದಾಗ ಒಳಗೆ ಆವಿ ಆಗಿ ಪೆಡಲ್ ಮೆತ್ತಗಾಗೋದು ಅದಕ್ಕೇ. ಬೇರೆ ಕಡೆ ಎರಡು ವರ್ಷಕ್ಕೆ ಬದಲಾಯಿಸೋದನ್ನ ನಾವು ವರ್ಷಕ್ಕೊಂದು ಸಲ ಮಾಡಿದ್ರೆ ಒಳ್ಳೇದು. ಏರ್ ತೆಗಿಯೋವಾಗ ಮಾಸ್ಟರ್ ಸಿಲಿಂಡರಿಂದ ಅತೀ ದೂರದ ಹಿಂದಿನ ಎಡ ವೀಲಿಂದ ಶುರು ಮಾಡಿ ಹತ್ರದ್ದಕ್ಕೆ ಬನ್ನಿ.

ಇಲ್ಲಿ ಅಪ್‌ಗ್ರೇಡಿಗೆ ನಾನು ಮನಸಾರೆ ಹೌದು ಅಂತೀನಿ: ಎರಡು ಲೈನಿನ ಮಾಸ್ಟರ್ ಸಿಲಿಂಡರು, ಪೆಡಲ್ ಹಗುರ ಮಾಡೋ ಬೂಸ್ಟರು, ಸಾಧ್ಯ ಆದ್ರೆ ಮುಂದಿನ ವೀಲಿಗೆ ಡಿಸ್ಕು. ಆಮೇಲಿನ ಮಹೀಂದ್ರಾ ಗಾಡಿಗಳ ಪಾರ್ಟ್ಸ್ ಹೊಂದಿಸೋ ಮೆಕ್ಯಾನಿಕ್‌ಗಳು ಇದ್ದಾರೆ. ಒಂದು ನೆನಪಿಡಿ, ಡೀಸೆಲ್ ಎಂಜಿನ್‌ಗೆ ಪೆಟ್ರೋಲ್ ಥರ ಮ್ಯಾನಿಫೋಲ್ಡಲ್ಲಿ ವ್ಯಾಕ್ಯೂಮ್ ಹುಟ್ಟಲ್ಲ, ಬೂಸ್ಟರಿಗೆ ಬೇರೆ ವ್ಯಾಕ್ಯೂಮ್ ಪಂಪ್ ಬೇಕು, ಆಲ್ಟರ್ನೇಟರ್ ಜೊತೆಗೇ ಬರೋ ಥರದ್ದು ಸಿಗತ್ತೆ.

ಎಂಜಿನ್

ವರ್ಷಗಟ್ಲೆ ನಿಂತ ಎಂಜಿನ್‌ಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡಿಬೇಡಿ. ಪ್ಲಗ್ ಬಿಚ್ಚಿ, ಡೀಸೆಲ್ ಆದ್ರೆ ಇಂಜೆಕ್ಟರ್ ತೆಗೆದು, ಪ್ರತಿ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಒಂದೆರಡು ದಿನ ಕಾದು ಕೈಯಲ್ಲೇ ತಿರುಗ್ಸಿ. ಸಲೀಸಾಗಿ ತಿರುಗಿದ್ರೆ ಆಯಿಲ್, ಫಿಲ್ಟರ್ ಬದಲಾಯಿಸಿ, ಹಳೇ ಇಂಧನ ನೆಲಕ್ಕೆ ಚೆಲ್ಲದೆ ಪೂರ್ತಿ ಡಬ್ಬಿಗೆ ತೆಗೆದು, ಆಮೇಲೆ ಸೆಲ್ಫ್. ಓಡೋಕೆ ಶುರುವಾದ ಮೇಲೆ ಕಂಪ್ರೆಷನ್ ಚೆಕ್ ಮಾಡ್ಸಿ, ಬಿಸಿ ಆದಾಗ ಆಯಿಲ್ ಪ್ರೆಷರ್ ನೋಡಿ. ಎರಡೂ ಚೆನ್ನಾಗಿದ್ರೆ ಎಂಜಿನ್ ಬಿಚ್ಚೋಕೆ ಹೋಗ್ಲೇಬೇಡಿ. ಚೆನ್ನಾಗಿರೋ ಎಂಜಿನ್‌ನ ಹೆಂಗೂ ಕೆಳಗಿಳಿಸಿದ್ದೀವಲ್ಲ ಅಂತ ಬಿಚ್ಚಿ ಬೋರಿಂಗ್ ಮಾಡ್ಸೋದು ದುಡ್ಡಿನ ದಂಡ.

ಹರಿಕೇನ್ ಇಟ್ಕೊಂಡೋರು ಈ ಅಳತೆ ಗೋಡೆ ಮೇಲೆ ಬರೆದಿಟ್ಕೊಳ್ಳಿ: ಫೈರಿಂಗ್ ಆರ್ಡರ್ 1-3-4-2, ಪ್ಲಗ್ ಗ್ಯಾಪ್ 0.030 ಇಂಚು, ಪಾಯಿಂಟ್ ಗ್ಯಾಪ್ 0.020 ಇಂಚು, ಟ್ಯಾಪೆಟ್ (ವಾಲ್ವ್) ಗ್ಯಾಪ್ ಎಂಜಿನ್ ತಣ್ಣಗಿದ್ದಾಗ ಇನ್‌ಟೇಕ್ 0.018, ಎಕ್ಸಾಸ್ಟ್ 0.016, ಟೈಮಿಂಗ್ ಟಿಡಿಸಿಗಿಂತ (ಪಿಸ್ಟನ್ ತೀರಾ ಮೇಲೆ ಬರೋ ಜಾಗ) 5 ಡಿಗ್ರಿ ಮುಂಚೆ. ಇಷ್ಟು ಸರಿ ಇದ್ರೇನೇ ಅರ್ಧ ಜನರ ಜೀಪು ಎಳಿಯಲ್ಲ ಅನ್ನೋ ದೂರು ಹೋಗತ್ತೆ. ಈಗ ಬಂಕಲ್ಲಿ ಬರೋದು 20 ಪರ್ಸೆಂಟ್ ಎಥೆನಾಲ್ ಸೇರಿದ ಪೆಟ್ರೋಲ್, ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಅದಕ್ಕೆ ಮೆತ್ತಗಾಗ್ತಾವೆ, ಎಥೆನಾಲ್‌ಗೆ ತಡೆಯೋ ಪೈಪ್ ಹಾಕಿ. ಆ ಪೆಟ್ರೋಲ್ ನೀರನ್ನೂ ಎಳೆಯತ್ತೆ, ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಲ್ಲಿ ತಿಂಗಳುಗಟ್ಲೆ ಬಿಡ್ಬೇಡಿ.

ಎಕ್ಸ್‌ಡಿಪಿ ಡೀಸೆಲ್ಲಿಗೆ ಬೆಳಿಗ್ಗೆ ಸ್ಟಾರ್ಟಿಂಗ್ ಕಷ್ಟ ಅಂದ್ರೆ ಮೊದ್ಲು ಗ್ಲೋ ಪ್ಲಗ್ (ಸ್ಟಾರ್ಟಿಂಗಿಗೆ ಒಳಗೆ ಬಿಸಿ ಮಾಡೋ ಪ್ಲಗ್) ಚೆಕ್ ಮಾಡಿ, ಒಂದೊಂದೂ ಕರೆಂಟ್ ಎಳೀತಿದ್ಯಾ ಅಂತ. ಪಂಪು ಮತ್ತೆ ಇಂಜೆಕ್ಟರ್ ಮನೇಲಿ ಬಿಚ್ಚೋ ವಸ್ತು ಅಲ್ಲ, ಟೆಸ್ಟ್ ಬೆಂಚ್ ಇರೋ ಪಂಪ್ ಶಾಪಿಗೆ ಕೊಡಿ. ಫಿಲ್ಟರ್ ತಳದ ನೀರು ಆಗಾಗ ಬಿಡ್ತಾ ಇರಿ. ರೇಡಿಯೇಟರಿಗೆ ಬಾವಿ ನೀರು ಬೇಡ, ಕೂಲಂಟ್ ಹಾಕಿ.

ವೈರಿಂಗ್

ಹಳೇ ವೈರಿಂಗ್ ಉಳಿಸ್ಬೇಡಿ, ಪೂರ್ತಿ ಹೊಸದು ಹಾಕಿ. ಹಳೇ ಜೀಪಲ್ಲಿ ಫ್ಯೂಸ್ ಲೆಕ್ಕಕ್ಕೇ ಇಲ್ಲ, ಇಲಿ ಒಂದು ವೈರ್ ಕಡಿದ್ರೆ ಗಾಡಿಗೇ ಬೆಂಕಿ. ಪ್ರತಿ ಸರ್ಕ್ಯೂಟಿಗೂ ಫ್ಯೂಸ್, ಹೆಡ್‌ಲೈಟಿಗೆ ರಿಲೇ. ಹೊಸ ಪೇಂಟ್ ಆದ ಜೀಪಲ್ಲಿ ಲೈಟ್ ಮಿಣಿಮಿಣಿ ಅಂದ್ರೆ ಬಲ್ಬ್ ಬೈಬೇಡಿ, ಪೇಂಟೂ ಮೌಂಟಿನ ರಬ್ಬರ್ರೂ ಅರ್ತ್ ತಡೆದಿರ್ತಾವೆ. ಎಂಜಿನ್‌ನಿಂದ ಚಾಸಿಗೆ, ಚಾಸಿಯಿಂದ ಬಾಡಿಗೆ ದಪ್ಪ ಅರ್ತ್ ಪಟ್ಟಿ ಕೊಡಿ, ಆ ಜಾಗದ ಪೇಂಟ್ ಕೆರೆದು ಕೂರ್ಸಿ ಮೇಲೆ ವ್ಯಾಸಲೀನ್ ಹಚ್ಚಿ. ಡೈನಮೋ ಇದ್ರೆ ಆಲ್ಟರ್ನೇಟರ್ ಮಾಡ್ಕೊಳ್ಳಿ. ಬಲ್ಬ್ 60/55 ವ್ಯಾಟ್ ಹ್ಯಾಲೋಜನ್ ಸಾಕು, ಬಿಳೀ ಎಲ್‌ಇಡಿ ನಮ್ಮ ಮಂಜಲ್ಲಿ ಎದುರಿಗೆ ಗೋಡೆ ಕಟ್ಟಿದಂಗೆ ಆಗತ್ತೆ, ಎದುರಿಂದ ಬರೋನಿಗೂ ಕಣ್ಣು ಹೋಗತ್ತೆ.

ಉಳಿದ ಅಪ್‌ಗ್ರೇಡು

ಸೀಟ್ ಬೆಲ್ಟು, ರೋಲ್ ಬಾರು (ಗಾಡಿ ಮಗುಚಿದ್ರೆ ತಲೆ ಕಾಯೋ ಕಬ್ಬಿಣದ ಕಮಾನು), ಹೌದು. ಎರಡೂ ಬಾಡಿ ತಗಡಿಗಲ್ಲ, ಕೆಳಗೆ ದಪ್ಪ ಪ್ಲೇಟ್ ಕೊಟ್ಟು ಬಿಗೀಬೇಕು. ಪೆಟ್ರೋಲಿಗೆ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, ಹೌದು, ಥಂಡಿಲಿ ವ್ಯತ್ಯಾಸ ಗೊತ್ತಾಗತ್ತೆ.

ದೊಡ್ಡ ಟೈರು, ಬೇಡ. 3ಬಿಗೆ ಬಂದಿದ್ದು 6.00-16. ಅಗಲ ಎತ್ತರ ಜಾಸ್ತಿ ಮಾಡಿದ್ರೆ ಸ್ಟೇರಿಂಗ್ ಜಾಯಿಂಟು, ವೀಲ್ ಬೇರಿಂಗು, ಆಕ್ಸಲ್ ಎಲ್ಲಕ್ಕೂ ಹೊರೆ, ಬ್ರೇಕ್ ಹಿಡಿಯೋದು ಕಮ್ಮಿ. ಕೆಸರಲ್ಲಿ ಸಣ್ಣ ಟೈರ್ ಕೆಳಗಿನ ಗಟ್ಟಿ ನೆಲ ಹಿಡಿಯತ್ತೆ, ಕೊಡಚಾದ್ರಿ ದಾರಿಯಲ್ಲಿ ಜನ ಹೊತ್ಕೊಂಡು ಹತ್ತೋ ಜೀಪುಗಳ ಟೈರು ಒಮ್ಮೆ ನೋಡಿ, ಆ ಡ್ರೈವರ್‌ಗಳ ಹತ್ರ ಕೂತು ಮಾತಾಡಿ, ನಾನು ಹೇಳೋದಕ್ಕಿಂತ ಜಾಸ್ತಿ ಕಲೀತೀರಿ.

ಸ್ಪೀಡಿಗೆ ಎಂಜಿನ್ ಬದಲಾಯಿಸೋದು, ಅದೂ ಬೇಡ ಅಂತೀನಿ. 3ಬಿ ಆಕ್ಸಲ್ ರೇಶಿಯೋ 5.38 (ಚಕ್ರ ಒಂದು ಸುತ್ತು ತಿರುಗೋಕೆ ಶಾಫ್ಟ್ 5.38 ಸುತ್ತು), ಅಂದ್ರೆ ಟಾಪ್ ಗೇರಲ್ಲಿ 80 ಕಿಲೋಮೀಟರ್ ವೇಗಕ್ಕೇ ಎಂಜಿನ್ ಹತ್ರತ್ರ 3,100 ಆರ್‌ಪಿಎಂ ತಿರುಗತ್ತೆ. ಆ ಗಾಡಿ ಮಾಡಿರೋದೇ ನಿಧಾನಕ್ಕೆ ಭಾರ ಎಳೆದು ಗುಡ್ಡ ಹತ್ತೋಕೆ. ಅದರ ಪ್ಲೇಟು, ಸ್ಟೇರಿಂಗು, ಡ್ರಮ್ಮು ಎಲ್ಲ ಅದೇ ಲೆಕ್ಕಕ್ಕಿರೋದು. 50ರಲ್ಲಿ ಓಡಿಸಿ, ಅದರ ನಿಜವಾದ ಶಕ್ತಿ ಲೋ ಗೇರಲ್ಲಿ ತೋಟದ ದಿಬ್ಬ ಹತ್ತುವಾಗ ಕಾಣತ್ತೆ.

ಓಡಿಸಿ ನೋಡೋದು

ಜೋಡಣೆ ಆದ್ಮೇಲೆ ಮೊದ್ಲು ಮನೆ ಸುತ್ತ, ಖಾಲಿ ರಸ್ತೇಲಿ ಬ್ರೇಕ್ ನೋಡಿ, ಒಂದೇ ಕಡೆ ಎಳೀತಾ ಇದ್ರೆ ಅಡ್ಜಸ್ಟ್ ಮಾಡಿ. ಆಮೇಲೆ ಶಿವಮೊಗ್ಗ ತೀರ್ಥಹಳ್ಳಿ ಥರದ ರಸ್ತೇಲಿ ಒಂದು ಸುತ್ತು, ನಿಲ್ಲಿಸಿ ನಾಲ್ಕೂ ಡ್ರಮ್ ಹತ್ರ ಕೈ ಹಿಡಿದು ಬಿಸಿ ಹೋಲಿಸಿ, ಒಂದೇ ಸುಡ್ತಿದ್ರೆ ಅದು ಜಾಮ್ ಆಗಿದೆ. ವೀಲ್ ನಟ್, ಯು ಬೋಲ್ಟ್, ಬಾಡಿ ಬೋಲ್ಟ್ ಮೊದಲ 50 ಕಿಲೋಮೀಟರಿಗೆ ಒಂದ್ಸಲ, 500ಕ್ಕೆ ಇನ್ನೊಂದ್ಸಲ ಟೈಟ್ ಮಾಡಿ. ಘಾಟಿ ಇದೆಲ್ಲ ಆದ್ಮೇಲೆ, ಹತ್ತಿದ ಗೇರಲ್ಲೇ ಇಳೀರಿ. ಫೋರ್ ವೀಲ್ ಡ್ರೈವ್ ಡಾಂಬರ್ ಮೇಲೆ ಹಾಕ್ಬೇಡಿ, ಈ ಜೀಪುಗಳಿಗೆ ಮಧ್ಯದ ಡಿಫರೆನ್ಶಿಯಲ್ ಇಲ್ಲ, ತಿರುವಲ್ಲಿ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಬಿಗಿದು ಜಾಯಿಂಟ್ ಮುರಿಯತ್ತೆ. ಕೆಸರಿಗೆ, ಜಲ್ಲಿಗೆ ಮಾತ್ರ ಅದು.

ಮೇ ಕೊನೇ ವಾರ ಒಂದು ಸಲ ಅಡಿಗೆ ಮಲಗಿ ಟಾರ್ಚ್ ಹಾಕಿ ನೋಡಿ, ಕಲ್ಲು ಬಡಿದು ಪೇಂಟ್ ಎದ್ದ ಕಡೆ ಎಪಾಕ್ಸಿ ಹಚ್ಚಿ, ವ್ಯಾಕ್ಸ್ ಇನ್ನೊಂದು ಕೈ ಹೊಡೀರಿ, ಬ್ರೇಕ್ ಫ್ಲೂಯಿಡ್ ಬದಲಾಯಿಸಿ, ನೀರಿನ ತೂತುಗಳಿಗೆ ಕಡ್ಡಿ ಹಾಕಿ ಚೊಕ್ಕ ಮಾಡಿ. ಮಳೆಗಾಲದಲ್ಲಿ ಹಳ್ಳ ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕ್ ಮೆಲ್ಲಗೆ ಒತ್ತಿಕೊಂಡೇ ಹೋಗಿ, ಡ್ರಮ್ ಒಣಗತ್ತೆ. ಸಿಲ್ಫಾಲಿನ್ ಗಾಡಿಗೆ ಸುತ್ತಿ ಕಟ್ಬೇಡಿ, ಒಳಗಿನ ಥಂಡಿ ಹೊರಗೆ ಹೋಗಲ್ಲ, ಮೇಲೆ ಸೂರಿನ ಥರ ಕಟ್ಟಿ ನಾಲ್ಕೂ ಕಡೆ ಗಾಳಿ ಆಡೋಕೆ ಬಿಡಿ. ಬೋರ್ಡೋ ಡ್ರಮ್ ಹೊರೋದಾದ್ರೆ ಕೆಳಗೆ ಪ್ಲಾಸ್ಟಿಕ್ ಟ್ರೇ ಇಡಿ, ಅದೇ ದಿನ ಸಂಜೆ ಹಿಂದಿನ ಫ್ಲೋರಿಗೆ ಪೈಪ್ ಹಿಡಿದು ತೊಳೀರಿ.